ಹಳೇ ಬ್ರಿಟಿಷ್ ಪೆನ್ನಿ: ಯಾವುದು ಅಪರೂಪ, ಯಾವುದು ಸುಮ್ನೆ ಹಳೆಯದು

1951ನೇ ಇಸವಿಯ ಬ್ರಿಟಿಷ್ ಪೆನ್ನಿ ಅಚ್ಚಾಗಿದ್ದು ಬರೀ 1,20,000. 1869ರದ್ದು 25,80,480, ಅಂದರೆ ಇಪ್ಪತ್ತೊಂದು ಪಟ್ಟಿಗಿಂತ ಜಾಸ್ತಿ. ಹಾಗಾದರೆ 1951ರ ನಾಣ್ಯಕ್ಕೇ ಬೆಲೆ ಹೆಚ್ಚಿರಬೇಕು ಅಲ್ವಾ? ವ್ಯಾಪಾರಿಯನ್ನು ಕೇಳಿ ನೋಡಿ. ಹೊಸದರಂತೆ ಉಳಿದಿರುವ ಒಂದು 1869ರ ಪೆನ್ನಿಗೆ ಅವನು ಹೇಳುವ ಬೆಲೆಯಲ್ಲಿ ಅಷ್ಟೇ ಚೆನ್ನಾಗಿರುವ 1951ರ ಪೆನ್ನಿಗಳನ್ನು ಎಷ್ಟೋ ಕೊಳ್ಳಬಹುದು.

ಲೆಕ್ಕ ತಲೆಕೆಳಗಾದದ್ದು ಹೀಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಪೆನ್ನಿಗಳು ಬೇಕಾದ್ದಕ್ಕಿಂತ ಹೆಚ್ಚೇ ಇದ್ದವು. 1950ರಲ್ಲಿ 2,40,000, ಮರುವರ್ಷ 1,20,000 ಅಚ್ಚಾದವು. ಅವುಗಳಲ್ಲಿ ಬಹುಪಾಲು ಬರ್ಮುಡಾ ದ್ವೀಪಕ್ಕೆ ಹೋದವು. ಇಷ್ಟು ಕಡಿಮೆ ಅಚ್ಚಾಗಿದೆ ಅನ್ನುವುದು ಸಂಗ್ರಹಕಾರರಿಗೆ ಗೊತ್ತಾಯಿತು. ಬರ್ಮುಡಾದಿಂದ ನಾಣ್ಯಗಳನ್ನು ವಾಪಸ್ ತರಿಸಿಕೊಂಡರು, ಜೋಪಾನ ಮಾಡಿದರು. ಹಾಗಾಗಿ ಇವತ್ತು ಸಿಗುವ 1951ರ ಪೆನ್ನಿಗಳಲ್ಲಿ ಎಷ್ಟೋ ನಾಣ್ಯ ಜೇಬು ಕಂಡೇ ಇಲ್ಲ.

1869ರದ್ದಕ್ಕೆ ಆ ಭಾಗ್ಯ ಇರಲಿಲ್ಲ. ಅದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹುಟ್ಟಿ ಕೈಯಿಂದ ಕೈಗೆ ಓಡಾಡಿಕೊಂಡೇ ಇತ್ತು. ಅಂಗಡಿ ಗಲ್ಲಾ, ಬಸ್ ಕಂಡಕ್ಟರನ ಚೀಲ, ಚರ್ಚಿನ ಹುಂಡಿ. 1960ರ ದಶಕದಲ್ಲೂ ಅಂಥ ನಾಣ್ಯಗಳು ಚಿಲ್ಲರೆಯಲ್ಲಿ ಸಿಗುತ್ತಿದ್ದವು, ರಾಣಿಯ ಮುಖ ಮಾತ್ರ ನುಣ್ಣಗೆ ಸವೆದು ಹೋಗಿತ್ತು. ಅಚ್ಚಾದ 25 ಲಕ್ಷದಲ್ಲಿ ಮೊದಲ ದಿನದ ಹೊಳಪು ಉಳಿಸಿಕೊಂಡವು ಬೆರಳೆಣಿಕೆಯಷ್ಟು.

ಬ್ರಿಟಿಷ್ ಪೆನ್ನಿಯ ವಿಷಯದಲ್ಲಿ ಎಡವುವವರು ಬಹುತೇಕ ಇಲ್ಲೇ ಎಡವುತ್ತಾರೆ. ‘ನೂರೈವತ್ತು ವರ್ಷ ಹಳೆಯದು, ಲಕ್ಷ ಬೆಲೆ ಬಾಳುತ್ತೆ’ ಅಂತ ಹೊರಡುತ್ತಾರೆ. ವಯಸ್ಸಿಗೂ ಬೆಲೆಗೂ ನೇರ ಸಂಬಂಧ ಇಲ್ಲ. ಎಷ್ಟು ಅಚ್ಚಾದವು ಅನ್ನುವುದು ಕೂಡ ಅರ್ಧ ಕಥೆ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿ ಉಳಿದಿವೆ, ಅದಕ್ಕಾಗಿ ಎಷ್ಟು ಜನ ಕಾಯುತ್ತಿದ್ದಾರೆ, ಈ ಮೂರನ್ನೂ ಒಟ್ಟಿಗೆ ನೋಡಬೇಕು.

ಹಳೇ ಪೆನ್ನಿ ಅಂದರೆ ಯಾವುದು?

1971ರ ಫೆಬ್ರವರಿ 15ರವರೆಗೆ ಬ್ರಿಟನ್ನಿನಲ್ಲಿ ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ಸ್, ಅಂದರೆ ಪೆನ್ನಿಗಳು. ಒಟ್ಟು 240 ಪೆನ್ನಿ ಸೇರಿದರೆ ಒಂದು ಪೌಂಡ್. ನಮ್ಮಲ್ಲಿ 1957ರ ಏಪ್ರಿಲ್ 1ರ ತನಕ ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ ಇದ್ದ ಹಾಗೆ. ದಶಮಾಂಶ ಪದ್ಧತಿ ಬಂದ ಮೇಲೆ ಪೌಂಡಿಗೆ 100 ಪೆನ್ಸ್ ಆಯಿತು. ಹಳೇ ಪೆನ್ನಿ ಅದೇ ವರ್ಷದ ಆಗಸ್ಟ್ 31ರ ನಂತರ ಚಲಾವಣೆಯಿಂದ ಹೋಯಿತು.

ಪೆನ್ನಿ ಮೊದಲಿನಿಂದಲೂ ತಾಮ್ರದ್ದಲ್ಲ. ಎಂಟನೇ ಶತಮಾನದಿಂದ ಸಾವಿರ ವರ್ಷ ಅದು ಸಣ್ಣ ಬೆಳ್ಳಿ ನಾಣ್ಯವಾಗಿತ್ತು. ಚಲಾವಣೆಗೆ ತಾಮ್ರದ ಪೆನ್ನಿ ಬಂದಿದ್ದು 1797ರಲ್ಲಿ. ಅದನ್ನು ಅಚ್ಚು ಹಾಕಿದ್ದು ಸರ್ಕಾರದ ಟಂಕಸಾಲೆಯಲ್ಲ. ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋದಲ್ಲಿ ಮ್ಯಾಥ್ಯೂ ಬೌಲ್ಟನ್ ಎಂಬ ಕಾರ್ಖಾನೆದಾರ, ಉಗಿಯಂತ್ರದ ಅಚ್ಚುಗಳಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಪ್ರಾಂತ್ಯಕ್ಕೆ 1803 ಮತ್ತು 1808ರ ತಾಮ್ರದ ಕಾಸುಗಳು ಬಂದದ್ದೂ ಅದೇ ಸೋಹೋದಿಂದ. ಬೌಲ್ಟನ್ನನ ಪೆನ್ನಿ ಕೈಯಲ್ಲಿ ಹಿಡಿದರೆ ನಗು ಬರುತ್ತದೆ. ಒಂದು ಔನ್ಸ್, ಅಂದರೆ 28 ಗ್ರಾಂ ತೂಕ. ಅಗಲ 36 ಮಿಲಿಮೀಟರ್. ಅಂಚು ದಪ್ಪಗೆ ಎದ್ದಿದೆ, ಅಕ್ಷರಗಳು ಆ ಅಂಚಿನೊಳಗೆ ಕೊರೆದಂತಿವೆ. ಜನ ಇದಕ್ಕೆ ‘ಕಾರ್ಟ್‌ವೀಲ್’ ಎಂದು ಹೆಸರಿಟ್ಟರು, ಗಾಡಿ ಚಕ್ರ. ತೂಕ ಸರಿಯಾಗಿ ಔನ್ಸ್ ಇದ್ದುದರಿಂದ ತಕ್ಕಡಿಯಲ್ಲಿ ತೂಕದ ಬೊಟ್ಟಾಗಿಯೂ ಬಳಸುತ್ತಿದ್ದರು. ಇದರ ಅಂಚಿಗೆ ಪೆಟ್ಟು ಬಿದ್ದಿರುವುದೇ ಹೆಚ್ಚು. ಪೆಟ್ಟಿಲ್ಲದ್ದು ಸಿಕ್ಕರೆ ಎರಡು ಸಲ ನೋಡಿ.

1860ರಲ್ಲಿ ತಾಮ್ರ ಹೋಗಿ ಕಂಚು ಬಂತು. ನೂರಕ್ಕೆ 95 ಪಾಲು ತಾಮ್ರ, 4 ಪಾಲು ತವರ, 1 ಪಾಲು ಸತು. ತೂಕ ಸುಮಾರು 9.45 ಗ್ರಾಂ, ಅಗಲ 30.8 ಮಿಲಿಮೀಟರ್. ಈ ತೂಕ, ಅಗಲ 1970ರವರೆಗೂ ಬದಲಾಗಲಿಲ್ಲ. ಹಳೇ ಪೆನ್ನಿ ಸಂಗ್ರಹ ಅಂದಾಗ ಹೆಚ್ಚಿನವರು ಮಾತಾಡುವುದು ಈ 110 ವರ್ಷಗಳ ಕಂಚಿನ ಸಾಲಿನ ಬಗ್ಗೆ. ಇಲ್ಲಿಂದ ಮುಂದೆ ನಾನು ಹೇಳುವುದೂ ಅದನ್ನೇ.

ತಲೆ ನೋಡಿ, ಕಾಲ ಹೇಳಿ

ಕಂಚಿನ ಪೆನ್ನಿಯ ಒಂದು ಕಡೆ ರಾಜನೋ ರಾಣಿಯೋ, ಇನ್ನೊಂದು ಕಡೆ ಕೂತಿರುವ ಬ್ರಿಟಾನಿಯಾ. ನಮಗೆ ಬಿಸ್ಕತ್ತಿನ ಹೆಸರಾಗಿ ಪರಿಚಯವಾದವಳು, ಅವರಿಗೆ ದೇಶದ ಪ್ರತಿರೂಪ. ಕೈಯಲ್ಲಿ ತ್ರಿಶೂಲ, ಪಕ್ಕದಲ್ಲಿ ಗುರಾಣಿ, ತಲೆಗೆ ಶಿರಸ್ತ್ರಾಣ, ಹಿಂದೆ ಸಮುದ್ರ.

1860ರಿಂದ 1894ರವರೆಗಿನ ಪೆನ್ನಿಯಲ್ಲಿ ವಿಕ್ಟೋರಿಯಾ ತುರುಬು ಕಟ್ಟಿದ ಎಳೆಯ ಹೆಣ್ಣು. ಲೆನಾರ್ಡ್ ಚಾರ್ಲ್ಸ್ ವಯನ್ ಮಾಡಿದ ಚಿತ್ರ ಅದು. ತುರುಬಿಗೆ ಇಂಗ್ಲಿಷಿನಲ್ಲಿ ಬನ್, ಅದಕ್ಕೇ ಇದನ್ನು ‘ಬನ್ ಪೆನ್ನಿ’ ಎನ್ನುತ್ತಾರೆ. ರಾಣಿಗೆ ಎಪ್ಪತ್ತೈದಾದರೂ ನಾಣ್ಯದ ಮೇಲೆ ಎಳೆಯವಳಾಗಿಯೇ ಇದ್ದಳು. 1895ರಲ್ಲಿ ಥಾಮಸ್ ಬ್ರಾಕ್ ಮಾಡಿದ ಮುಸುಕು ಹೊದ್ದ ವೃದ್ಧೆಯ ಚಿತ್ರ ಬಂತು. ಆಮೇಲೆ 1902ರಿಂದ ಏಳನೇ ಎಡ್ವರ್ಡ್, 1911ರಿಂದ ಐದನೇ ಜಾರ್ಜ್, 1937ರಿಂದ ಆರನೇ ಜಾರ್ಜ್, 1953ರಿಂದ ಎರಡನೇ ಎಲಿಜಬೆತ್. ಬ್ರಿಟಾನಿಯಾಳ ಬೆನ್ನ ಹಿಂದೆ 1894ರವರೆಗೆ ಒಂದು ದೀಪಸ್ತಂಭ, ಮುಂದೆ ಒಂದು ಹಡಗು ಇದ್ದವು. 1895ರಲ್ಲಿ ಎರಡೂ ಮಾಯ. 1937ರಲ್ಲಿ ದೀಪಸ್ತಂಭ ಮಾತ್ರ ವಾಪಸ್ ಬಂತು.

ನಾವು ಕಣ್ಣಿಟ್ಟು ನೋಡಬೇಕಾದ ಒಂದು ಸಂಗತಿ ತಲೆಯ ಸುತ್ತಲಿನ ಅಕ್ಷರಗಳಲ್ಲಿದೆ. ಆ ಲ್ಯಾಟಿನ್ ಸಾಲಿನ ಕೊನೆಯಲ್ಲಿ ‘ಇಂಡ್ ಇಂಪ್’ ಎಂಬ ಚುಟುಕು ಕಾಣುತ್ತದೆ. ಭಾರತದ ಚಕ್ರವರ್ತಿ ಅಥವಾ ಚಕ್ರವರ್ತಿನಿ ಎಂದರ್ಥ. ವಿಕ್ಟೋರಿಯಾ ಆ ಬಿರುದು ತೆಗೆದುಕೊಂಡಿದ್ದು 1876ರಲ್ಲಿ. ಪೆನ್ನಿಯ ಮೇಲೆ ಅದು ಬಂದಿದ್ದು 1895ರಲ್ಲಿ. ನಾವು ಸ್ವತಂತ್ರರಾದ ಮೇಲೆ 1948ರ ಜೂನ್‌ನಲ್ಲಿ ಆರನೇ ಜಾರ್ಜ್ ಆ ಬಿರುದು ಬಿಟ್ಟ. 1948ರ ಪೆನ್ನಿಯಲ್ಲಿ ‘ಇಂಡ್ ಇಂಪ್’ ಇದೆ, 1949ರದ್ದರಲ್ಲಿ ಇಲ್ಲ. ಎರಡೂ ಸಾಮಾನ್ಯ ನಾಣ್ಯಗಳೇ, ಅಗ್ಗವಾಗಿ ಸಿಗುತ್ತವೆ. ಆದರೆ ಭಾರತದ ಸಂಗ್ರಹಕಾರನ ಪೆಟ್ಟಿಗೆಯಲ್ಲಿ ಈ ಜೋಡಿ ಪಕ್ಕಪಕ್ಕ ಇರಲೇಬೇಕು ಅನ್ನುವುದು ನನ್ನ ಹಠ.

ಅಪರೂಪ ಹುಟ್ಟುವುದು ಎಲ್ಲಿ?

ಒಂದು, ಇಸವಿಯಲ್ಲೇ. 1869 ಹೇಳಿದೆನಲ್ಲ, 1871 ಕೂಡ ಹಾಗೇ. ಅಚ್ಚಾಗಿದ್ದು 13 ಲಕ್ಷಕ್ಕೂ ಸ್ವಲ್ಪ ಕಡಿಮೆ. ಇದರ ತದ್ವಿರುದ್ಧ 1967. ಆ ಇಸವಿ ಹೊತ್ತ ಪೆನ್ನಿಗಳು 65 ಕೋಟಿಗೂ ಹೆಚ್ಚು. 1967 ಮುಗಿದ ಮೇಲೂ ಟಂಕಸಾಲೆ ಇಸವಿ ಬದಲಾಯಿಸದೆ ಅದನ್ನೇ ಅಚ್ಚು ಹಾಕುತ್ತಾ ಹೋಯಿತು. ಹೊಸ ಪದ್ಧತಿ ಬರುವ ಸಮಯದಲ್ಲಿ ಜನ ‘ಇದು ಕೊನೆಯದು’ ಅಂತ ಡಬ್ಬಿಗಟ್ಟಲೆ ಎತ್ತಿಟ್ಟರು. ಇವತ್ತೂ ಆ ಡಬ್ಬಿಗಳು ಹೊರಬರುತ್ತಲೇ ಇವೆ. ಹೊಳೆಯುವ 1967ರ ಪೆನ್ನಿ ತೋರಿಸಿ ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಎರಡು, ಟಂಕಸಾಲೆಯ ಗುರುತು. ಲಂಡನ್ನಿನ ರಾಯಲ್ ಮಿಂಟಿಗೆ, ಅಂದರೆ ಸರ್ಕಾರದ ಟಂಕಸಾಲೆಗೆ, ಕೆಲಸ ಹೆಚ್ಚಾದಾಗ ಪೆನ್ನಿಗಳನ್ನು ಬರ್ಮಿಂಗ್‌ಹ್ಯಾಮಿನ ಹೀಟನ್ ಕಂಪನಿಗೆ ಗುತ್ತಿಗೆ ಕೊಡುತ್ತಿದ್ದರು. ಅವರ ಗುರುತು ಎಚ್ ಅಕ್ಷರ. ಬನ್ ಪೆನ್ನಿಗಳಲ್ಲಿ 1874ರಿಂದ ಶುರು, ಇಸವಿಯ ಕೆಳಗೆ ಪುಟ್ಟದಾಗಿ ಕಾಣುತ್ತದೆ. 1912, 1918, 1919ರಲ್ಲಿ ಇಸವಿಯ ಎಡಕ್ಕೆ, ಅಂಚಿನ ಹತ್ತಿರ. 1918 ಮತ್ತು 1919ರಲ್ಲಿ ಕಿಂಗ್ಸ್ ನಾರ್ಟನ್ ಎಂಬ ಇನ್ನೊಂದು ಕಂಪನಿಯೂ ಅಚ್ಚು ಹಾಕಿತು, ಅದರ ಗುರುತು ಕೆಎನ್. 1912ರ ಎಚ್ ಪೆನ್ನಿ 1 ಕೋಟಿ 68 ಲಕ್ಷ ಅಚ್ಚಾಗಿದೆ, ಸವೆದದ್ದು ಸುಲಭವಾಗಿ ಸಿಗುತ್ತದೆ. 1918, 1919ರ ಕೆಎನ್ ಹುಡುಕುವುದು ಕಷ್ಟ. ಅದರಲ್ಲೂ ಒಳ್ಳೆಯ ಸ್ಥಿತಿಯದ್ದು.

1882ರ ಕಥೆ ಇನ್ನೂ ಮಜಾ ಇದೆ. ಆ ವರ್ಷ ರಾಯಲ್ ಮಿಂಟಿನಲ್ಲಿ ಯಂತ್ರಗಳ ದುರಸ್ತಿ ನಡೆದಿತ್ತು. ಕಂಚಿನ ಕೆಲಸವೆಲ್ಲ ಹೀಟನ್‌ಗೆ ಹೋಯಿತು. ಹಾಗಾಗಿ 1882ರ ಪೆನ್ನಿಯಲ್ಲಿ ಎಚ್ ಇರಲೇಬೇಕು, ಅಂಥವು ಬೇಕಾದಷ್ಟಿವೆ. ಎಚ್ ಇಲ್ಲದವೂ ಕೆಲವು ಇವೆ, ಅವು ಬಹಳ ಅಪರೂಪ. ಈ ಸುದ್ದಿ ಕೇಳಿದವರೆಲ್ಲ ತಮ್ಮ 1882ರ ಪೆನ್ನಿ ತೆಗೆದು ನೋಡುತ್ತಾರೆ, ‘ಎಚ್ ಇಲ್ಲ!’ ಎಂದು ಕುಣಿಯುತ್ತಾರೆ. ಹತ್ತಿರದಿಂದ ನೋಡಿದರೆ ಎಚ್ ಸವೆದು ಹೋಗಿರುತ್ತದೆ, ಇಲ್ಲವೇ ಕೊಳೆ ತುಂಬಿರುತ್ತದೆ, ಇಲ್ಲವೇ ಯಾರೋ ಪುಣ್ಯಾತ್ಮರು ಉಜ್ಜಿ ತೆಗೆದಿರುತ್ತಾರೆ. ಇಸವಿಯ ಅಂಕಿಗಳೇ ಮಸುಕಾಗಿರುವ ನಾಣ್ಯದಲ್ಲಿ ಎಚ್ ಇಲ್ಲ ಅನ್ನುವುದಕ್ಕೆ ಅರ್ಥವೇ ಇಲ್ಲ.

ಮೂರು, ಅಚ್ಚಿನಲ್ಲಿನ ಸಣ್ಣ ವ್ಯತ್ಯಾಸ. ಪೆನ್ನಿ ಹುಚ್ಚು ನಿಜವಾಗಿ ಹತ್ತುವುದು ಇಲ್ಲಿ. ಒಂದು ಅಚ್ಚು ಸಾವಿರಾರು ನಾಣ್ಯ ಹೊಡೆದು ಸವೆಯುತ್ತದೆ, ಇನ್ನೊಂದು ಅಚ್ಚು ಮಾಡುತ್ತಾರೆ, ಅದರಲ್ಲಿ ಏನೋ ಒಂದು ಬದಲಾಗಿರುತ್ತದೆ. 1860ರ ಪೆನ್ನಿಯಲ್ಲಿ ಅಂಚಿನ ಒಳಗೆ ಕೆಲವಕ್ಕೆ ಮಣಿಗಳ ಸಾಲು, ಕೆಲವಕ್ಕೆ ಹಲ್ಲುಗಳ ಸಾಲು. 1864ರಲ್ಲಿ ನಾಲ್ಕರ ಅಡ್ಡಗೆರೆಯ ತುದಿಗೆ ಕೆಲವದರಲ್ಲಿ ಚಿಕ್ಕ ಗೆರೆ ಇದೆ, ಕೆಲವದರಲ್ಲಿ ಇಲ್ಲ. 1863ರ ಕೆಲವೇ ಕೆಲವು ಪೆನ್ನಿಗಳಲ್ಲಿ ಇಸವಿಯ ಕೆಳಗೆ ಅಚ್ಚಿನ ಸಂಖ್ಯೆ ಇದೆ. ಅವು ಸಿಕ್ಕರೆ ಹಬ್ಬ.

1895ರದ್ದನ್ನು ಅಳತೆಪಟ್ಟಿ ಹಿಡಿದೇ ನೋಡಬಹುದು. ತ್ರಿಶೂಲಕ್ಕೂ ‘ಪೆನ್ನಿ’ ಎಂಬ ಪದದ ಮೊದಲ ಅಕ್ಷರಕ್ಕೂ ನಡುವೆ ಸಾಮಾನ್ಯವಾಗಿ 1 ಮಿಲಿಮೀಟರ್ ಜಾಗ. ಅಪರೂಪದ್ದರಲ್ಲಿ 2 ಮಿಲಿಮೀಟರ್. ಹಾಗೆಯೇ ಆ ಅಪರೂಪದ್ದರಲ್ಲಿ ಬ್ರಿಟಾನಿಯಾಳ ಬೆನ್ನ ಹಿಂದೆ ಸಮುದ್ರ ಕಾಣುವುದಿಲ್ಲ. 1902ರಲ್ಲಿ ಸಮುದ್ರದ ಮಟ್ಟವೇ ಬೇರೆ ಬೇರೆ. ಸಾಮಾನ್ಯ ನಾಣ್ಯದಲ್ಲಿ ನೀರಿನ ಗೆರೆ ಬ್ರಿಟಾನಿಯಾಳ ಕಾಲುಗಳು ಸೇರುವ ಜಾಗದ ಮಟ್ಟಕ್ಕಿದೆ. ಕೆಲವದರಲ್ಲಿ ಅದಕ್ಕಿಂತ ಕೆಳಗಿದೆ, ಇದನ್ನು ‘ಲೋ ಟೈಡ್’ ಎನ್ನುತ್ತಾರೆ, ಇಳಿತದ ಸಮುದ್ರ. 1926ರಲ್ಲಿ ಐದನೇ ಜಾರ್ಜನ ತಲೆಯನ್ನು ಸ್ವಲ್ಪ ತಿದ್ದಿದರು. ಕತ್ತಿನ ಕೆಳಗೆ ಶಿಲ್ಪಿ ಬರ್ಟ್ರಾಮ್ ಮೆಕೆನಲ್‌ನ ಹೆಸರಿನ ಮೊದಲಕ್ಷರ ಬಿಎಂ ಇದೆ. ಹಳೆಯ ತಲೆಯಲ್ಲಿ ಆ ಎರಡು ಅಕ್ಷರಗಳ ಜೊತೆ ಚುಕ್ಕಿ ಇವೆ. ತಿದ್ದಿದ ತಲೆಯಲ್ಲಿ ಚುಕ್ಕಿ ಇಲ್ಲ, ಅಕ್ಷರಗಳು ಬಲಕ್ಕೆ ಸರಿದಿವೆ. 1926ರಲ್ಲಿ ಈ ತಿದ್ದಿದ ತಲೆ ಕಡಿಮೆ, ಅದಕ್ಕೇ ಬೆಲೆ. 1927ರಲ್ಲಿ ಎಲ್ಲದರಲ್ಲೂ ಅದೇ ತಲೆ, ಬೆಲೆ ಇಲ್ಲ.

ಮಾರುವವರ ಪಟ್ಟಿಯಲ್ಲಿ ‘ಎಫ್’ ಎಂದು ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಹಾಕಿರುತ್ತಾರೆ. ಇದು ಫ್ರೀಮನ್ ಎಂಬ ಸಂಶೋಧಕ ಕಂಚಿನ ನಾಣ್ಯಗಳ ಒಂದೊಂದು ಅಚ್ಚಿನ ಜೋಡಿಗೆ ಕೊಟ್ಟ ಕ್ರಮಸಂಖ್ಯೆ. ಒಂದೇ ಇಸವಿಗೆ ಹಲವು ಸಂಖ್ಯೆ ಇರಬಹುದು. ಅವನದ್ದೇ ಅಪರೂಪದ ಅಳತೆ ‘ಆರ್’ನಿಂದ ಶುರುವಾಗುತ್ತದೆ, ಪಕ್ಕದ ಅಂಕಿ ದೊಡ್ಡದಾದಷ್ಟೂ ನಾಣ್ಯ ಅಪರೂಪ. ಹೊಸಬರಿಗೆ ಇಷ್ಟು ಗೊತ್ತಿದ್ದರೆ ಸಾಕು.

1933ರ ಮಾತು

ಪೆನ್ನಿ ಅಂದಕೂಡಲೇ ಬ್ರಿಟನ್ನಿನಲ್ಲಿ ಯಾರ ಬಾಯಲ್ಲೂ ಬರುವ ಇಸವಿ 1933. ಆ ವರ್ಷ ಬ್ಯಾಂಕುಗಳಲ್ಲಿ ಪೆನ್ನಿ ತುಂಬಿ ತುಳುಕುತ್ತಿತ್ತು, ಹೊಸದು ಬೇಕಿರಲಿಲ್ಲ. ಆದರೆ ಕಟ್ಟಡಗಳ ಅಡಿಗಲ್ಲಿನ ಕೆಳಗೆ ಆ ವರ್ಷದ ನಾಣ್ಯಗಳ ಒಂದು ಸೆಟ್ ಇಡುವ ಪದ್ಧತಿ ಇತ್ತು. ಹಾಗಾಗಿ ಕೆಲವೇ ಪೆನ್ನಿ ಹೊಡೆದರು. ಇವತ್ತು ಗೊತ್ತಿರುವುದು ಏಳೋ ಎಂಟೋ. ಲಂಡನ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಕೆಳಗೆ ಒಂದಿದೆ. ಲೀಡ್ಸ್ ನಗರದ ಎರಡು ಚರ್ಚುಗಳ ಕೆಳಗೂ ಒಂದೊಂದು ಇಟ್ಟಿದ್ದರು. 1970ರಲ್ಲಿ ಮಿಡ್ಲ್‌ಟನ್‌ನ ಸೇಂಟ್ ಕ್ರಾಸ್ ಚರ್ಚಿನ ಅಡಿಗಲ್ಲನ್ನು ಎಬ್ಬಿಸಿ ಕಳ್ಳರು ನಾಣ್ಯ ಹೊತ್ತೊಯ್ದರು. ಇನ್ನೊಂದು ಚರ್ಚಿನದ್ದೂ ಹೀಗೇ ಹೋದೀತು ಅಂತ ಬಿಷಪ್ ಹೆದರಿದ. ಅಲ್ಲಿದ್ದ ನಾಣ್ಯವನ್ನು ಹೊರತೆಗೆಸಿ 1972ರಲ್ಲಿ ಹರಾಜಿಗೆ ಹಾಕಿಸಿದ.

ನಿಮ್ಮ ಕೈಗೆ 1933ರ ಪೆನ್ನಿ ಬಂತು ಅಂದರೆ ಅದು ನಕಲಿ ಎಂದೇ ಇಟ್ಟುಕೊಳ್ಳಿ. 1935 ಅಥವಾ 1936ರ ಕೊನೆಯ ಅಂಕಿಯನ್ನು ಕೆತ್ತಿ ತಿದ್ದಿದ್ದು, ಇಲ್ಲವೇ ಎರಕ ಹೊಯ್ದಿದ್ದು. ಭೂತಕನ್ನಡಿಯಲ್ಲಿ ಇಸವಿಯ ಎರಡೂ 3 ಅಂಕಿಗಳನ್ನು ಹೋಲಿಸಿ. ಎರಡನೆಯದರ ಸುತ್ತ ಗೀರು, ತಗ್ಗು, ಬಣ್ಣದ ವ್ಯತ್ಯಾಸ ಕಂಡರೆ ಕಥೆ ಮುಗಿಯಿತು. ತೂಕ ನೋಡಿ. ಅಯಸ್ಕಾಂತಕ್ಕೆ ಅಂಟಿಕೊಂಡರೆ ಅದು ಕಂಚೇ ಅಲ್ಲ. ಹಾಗೆ ನೋಡಿದರೆ 1933ಕ್ಕಿಂತ ಅಪರೂಪದ್ದು 1954. ಅದು ಒಂದೇ ಒಂದು ಇದೆ. ಆದರೆ ಚರ್ಚು, ಅಡಿಗಲ್ಲು, ಕಳ್ಳತನ ಯಾವುದೂ ಇಲ್ಲದ್ದರಿಂದ ಹೆಸರು ಮಾತ್ರ 1933ರದ್ದೇ.

ಎಷ್ಟು ಜನ ಕಾಯುತ್ತಿದ್ದಾರೆ ಅನ್ನುವುದನ್ನೂ ನೋಡಬೇಕು ಅಂದೆನಲ್ಲ, ಆ ಬೇಡಿಕೆಗೂ 1933ಕ್ಕೂ ನಂಟಿದೆ. 1960ರ ದಶಕದಲ್ಲಿ ಹಳೇ ಪೆನ್ನಿ ಹೋಗುತ್ತದೆ ಎಂದು ಗೊತ್ತಾದಾಗ ಬ್ರಿಟನ್ನಿನ ಹುಡುಗರೆಲ್ಲ ಮನೆಯ ಚಿಲ್ಲರೆ ಜಾಲಾಡಲು ಶುರು ಮಾಡಿದರು. ಎಲ್ಲರಿಗೂ 1933ರ ಕನಸು. ಸಿಕ್ಕಿದ್ದು 1912ರ ಎಚ್, ಅದೃಷ್ಟ ಇದ್ದರೆ 1919ರ ಕೆಎನ್. ಅಂಥ ಹುಡುಗರಲ್ಲಿ ಎಷ್ಟೋ ಜನ ಇವತ್ತಿನ ಅಜ್ಜಂದಿರು, ಚಿಕ್ಕಂದಿನ ಆಲ್ಬಮ್ಮಿನ ಖಾಲಿ ಕಿಂಡಿ ತುಂಬಿಸಲು ಈಗಲೂ ದುಡ್ಡು ಹಾಕುತ್ತಾರೆ. ಪೆನ್ನಿಗಿಂತ ಎಷ್ಟೋ ಅಪರೂಪವಾದ ಬೇರೆ ದೇಶಗಳ ನಾಣ್ಯಗಳು ಅಗ್ಗವಾಗಿ ಬಿದ್ದಿರುವುದು ಕೇಳುವವರಿಲ್ಲದೆ.

ಸ್ಥಿತಿ ನೋಡುವ ಕಲೆ

ಬ್ರಿಟಿಷ್ ವ್ಯಾಪಾರಿಗಳು ಬಳಸುವ ದರ್ಜೆಗಳು ಹೀಗಿವೆ: ಪೂರ್, ಫೇರ್, ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್. ಹೆಸರು ನೋಡಿ ಮೋಸ ಹೋಗಬೇಡಿ. ‘ಗುಡ್’ ಅಂದರೆ ನಾಣ್ಯ ನುಣುಪು ಬಿಲ್ಲೆಯಾಗಿದೆ ಎಂದು. ‘ಫೈನ್’ ಕೂಡ ಚೆನ್ನಾಗಿಯೇ ಸವೆದಿರುತ್ತದೆ. ಸಂಗ್ರಹಕಾರನ ಕಣ್ಣಿಗೆ ಹಿತ ಅನ್ನಿಸುವುದು ವೆರಿ ಫೈನ್‌ನಿಂದ ಮೇಲೆ.

ಸವೆತ ಎಲ್ಲಿ ಶುರುವಾಗುತ್ತದೆ? ಎತ್ತರದ ಜಾಗದಲ್ಲಿ. ಬನ್ ಪೆನ್ನಿಯಲ್ಲಿ ಕಿವಿಯ ಮೇಲಿನ ಕೂದಲು, ಹುಬ್ಬು, ತಲೆಗೆ ಸುತ್ತಿದ ಎಲೆಗಳು ಮೊದಲು ಹೋಗುತ್ತವೆ. ಹಿಂಬದಿಯಲ್ಲಿ ಬ್ರಿಟಾನಿಯಾಳ ಮೊಣಕಾಲು, ಎದೆ, ಶಿರಸ್ತ್ರಾಣ. ಫೈನ್ ದರ್ಜೆಯಲ್ಲಿ ಕೂದಲು ಒಂದೇ ಮುದ್ದೆ, ಗೆರೆಗಳು ಅಲ್ಲಲ್ಲಿ ಮಾತ್ರ. ಅಕ್ಷರ, ಇಸವಿ ಪೂರ್ತಿ ಓದಬಹುದು. ವೆರಿ ಫೈನ್‌ನಲ್ಲಿ ಕೂದಲಿನ ಎಳೆಗಳು ಬಹುತೇಕ ಎಣಿಸುವಂತಿವೆ, ಕಿವಿಯ ಹತ್ತಿರ ಮಾತ್ರ ಚಪ್ಪಟೆ. ಎಕ್ಸ್‌ಟ್ರೀಮ್ಲಿ ಫೈನ್‌ನಲ್ಲಿ ಸವೆತ ಹುಡುಕಬೇಕು. ಅನ್‌ಸರ್ಕ್ಯುಲೇಟೆಡ್‌ನಲ್ಲಿ ಸವೆತವೇ ಇರಬಾರದು. ಆದರೆ ಚೀಲದಲ್ಲಿ ಒಂದಕ್ಕೊಂದು ತಾಗಿದ ಸಣ್ಣ ಗೀರುಗಳು ಇದ್ದರೆ ತಪ್ಪಿಲ್ಲ.

ನೋಡುವ ಕ್ರಮ ಹೀಗೆ. ಒಂದೇ ಮೇಜುದೀಪ ಇರಲಿ, ಟ್ಯೂಬ್‌ಲೈಟ್ ಆರಿಸಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬೆಳಕಿನ ಕೆಳಗೆ ನಿಧಾನವಾಗಿ ಓರೆ ಮಾಡುತ್ತಾ ತಿರುಗಿಸಿ. ಹೊಸ ನಾಣ್ಯದಲ್ಲಿ ಬೆಳಕಿನ ಪಟ್ಟಿಯೊಂದು ನಡುವಿನಿಂದ ಅಂಚಿಗೆ ಹರಡಿ ಸುತ್ತು ಬರುತ್ತದೆ. ಅಚ್ಚು ಬಿದ್ದಾಗ ಲೋಹ ಹರಿದ ಸೂಕ್ಷ್ಮ ಗೆರೆಗಳಿಂದ ಬರುವ ಹೊಳಪು ಅದು. ಓಡಾಡಿದ ನಾಣ್ಯದಲ್ಲಿ ಆ ಪಟ್ಟಿ ಎತ್ತರದ ಜಾಗಕ್ಕೆ ಬಂದಾಗ ಕಡಿದು ಹೋಗುತ್ತದೆ, ಕೆನ್ನೆಯೋ ಮೊಣಕಾಲೋ ಮಂಕಾಗಿ ಕಾಣುತ್ತದೆ. ಉಜ್ಜಿದ ನಾಣ್ಯ ಎಲ್ಲ ಕಡೆಯೂ ಒಂದೇ ಸಮ ಮಿಂಚುತ್ತದೆ, ಬೆಳಕು ಓಡುವುದೇ ಇಲ್ಲ. ಈ ಮೂರರ ವ್ಯತ್ಯಾಸ ಓದಿ ಬರುವುದಿಲ್ಲ. ಅಗ್ಗದ 1960ರ ದಶಕದ ಪೆನ್ನಿಗಳನ್ನು ಒಂದಿಷ್ಟು ತಂದು ತಿರುಗಿಸುತ್ತಾ ಕೂತರೆ ಕಣ್ಣು ಪಳಗುತ್ತದೆ.

ಐದನೇ ಜಾರ್ಜನ ಪೆನ್ನಿಗಳಲ್ಲಿ ಒಂದು ಫಜೀತಿ ಇದೆ. ಅವನ ತಲೆಯ ಚಿತ್ರ ದೊಡ್ಡದು, ಆಳವೂ ಹೆಚ್ಚು. ಅಚ್ಚು ಒತ್ತಿದಾಗ ಲೋಹವೆಲ್ಲ ಆ ಕಡೆಗೆ ಎಳೆದುಕೊಂಡು ಹೋಗಿ ಬ್ರಿಟಾನಿಯಾ ಕಡೆಗೆ ಸಾಲದೆ ಬರುತ್ತಿತ್ತು. ಅವಳ ಮುಖ, ಎದೆ ಹುಟ್ಟುವಾಗಲೇ ಚಪ್ಪಟೆ. ಕೆಲವದರಲ್ಲಿ ಹಿಂಬದಿಯ ಖಾಲಿ ಜಾಗದಲ್ಲಿ ರಾಜನ ತಲೆಯ ಆಕಾರ ನೆರಳಿನ ಹಾಗೆ ಮೂಡಿರುತ್ತದೆ. ಇದನ್ನು ‘ಗೋಸ್ಟಿಂಗ್’ ಎನ್ನುತ್ತಾರೆ. 1928ರಲ್ಲಿ ತಲೆಯನ್ನು ಚಿಕ್ಕದು ಮಾಡಿದ ಮೇಲೆಯೇ ಸರಿಹೋಗಿದ್ದು. ಹಾಗಾಗಿ 1911ರಿಂದ 1927ರವರೆಗಿನ ಪೆನ್ನಿಯಲ್ಲಿ ಬ್ರಿಟಾನಿಯಾ ಮಸುಕಾಗಿದ್ದಾಳೆ ಅಂತ ತಕ್ಷಣ ದರ್ಜೆ ಇಳಿಸಬೇಡಿ. ರಾಜನ ಕಡೆ ತಿರುಗಿಸಿ, ಹುಬ್ಬು ಮೀಸೆ ನೋಡಿ. ಚಪ್ಪಟೆ ಜಾಗದಲ್ಲೂ ಹೊಳಪು ಮುರಿಯದೆ ಇದ್ದರೆ ಅದು ಅಚ್ಚಿನ ದೌರ್ಬಲ್ಯ, ಸವೆತ ಅಲ್ಲ. ಹಾಗಂತ ಬೆಲೆ ಪೂರ್ತಿ ಕೊಡಬೇಕಿಲ್ಲ. ಚೆನ್ನಾಗಿ ಅಚ್ಚು ಬಿದ್ದ ಕೆಎನ್ ಪೆನ್ನಿಗೂ ಮಂಕಾಗಿ ಬಿದ್ದದ್ದಕ್ಕೂ ಬಹಳ ಅಂತರ ಇದೆ.

ಬಣ್ಣದ ವಿಷಯ. ಕಂಚಿನ ಹೊಸ ಪೆನ್ನಿ ಕಿತ್ತಳೆ ಕೆಂಪು. ಗಾಳಿ ತಾಗುತ್ತಾ ಕಂದು, ಆಮೇಲೆ ಕಡುಕಂದು. ವಿಕ್ಟೋರಿಯಾ ಕಾಲದ ನಾಣ್ಯ ಇವತ್ತೂ ಅರ್ಧಕ್ಕಿಂತ ಜಾಸ್ತಿ ಕೆಂಪು ಉಳಿಸಿಕೊಂಡಿದ್ದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಅಮೆರಿಕದ ಪ್ರಮಾಣೀಕರಣ ಕಂಪನಿಗಳು ನಾಣ್ಯವನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ರೆಡ್, ರೆಡ್ ಬ್ರೌನ್, ಬ್ರೌನ್ ಎಂದು ಮೂರು ಬಗೆ ಮಾಡುತ್ತವೆ. ಜೊತೆಗೆ 1ರಿಂದ 70ರವರೆಗಿನ ಅಂಕ. ಈ 70ರ ಅಳತೆಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಮಾಡಿದ್ದು ಅಮೆರಿಕದ ಹಳೇ ತಾಮ್ರದ ಸೆಂಟುಗಳಿಗಾಗಿ. 70 ಅಂಕದ ನಾಣ್ಯ 1 ಅಂಕದ್ದರ 70 ಪಟ್ಟು ಬಾಳುತ್ತದೆ ಎಂಬ ಲೆಕ್ಕ ಅವನದು. ಆ ಲೆಕ್ಕ ಎಂದೋ ಬಿದ್ದು ಹೋಯಿತು, ಅಂಕ ಮಾತ್ರ ಉಳಿಯಿತು.

ಕಪ್ಪಗಿದ್ದದ್ದೆಲ್ಲ ಕೊಳೆಯೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಮಲಯ ಜಪಾನಿನ ಕೈಗೆ ಹೋಗಿ ತವರಕ್ಕೆ ಬರ ಬಂತು. ಪೆನ್ನಿಯಲ್ಲಿ ತವರ ನೂರಕ್ಕೆ ಬರೀ ಅರ್ಧ ಪಾಲಿಗೆ ಇಳಿಯಿತು, ನಾಣ್ಯದ ಬಣ್ಣ ತೀರಾ ಕಣ್ಣಿಗೆ ಹೊಡೆಯುವಂತಾಯಿತು. ಹಾಗಾಗಿ 1944ರಿಂದ 1946ರವರೆಗಿನ ಪೆನ್ನಿಗಳನ್ನು ಟಂಕಸಾಲೆಯೇ ಹೈಪೋ ದ್ರಾವಣದಲ್ಲಿ ಅದ್ದಿ ಕಂದು ಮಾಡಿ ಹೊರಬಿಟ್ಟಿತು. ಛಾಯಾಚಿತ್ರ ತೊಳೆಯಲು ಬಳಸುತ್ತಿದ್ದ ಅದೇ ಹೈಪೋ. ಈ ಇಸವಿಗಳಲ್ಲಿ ಕಪ್ಪುಕಂದೇ ಅಸಲಿ ಬಣ್ಣ. ಫಳಫಳ ಕೆಂಪಗಿದ್ದರೆ ಯಾರೋ ಉಜ್ಜಿರುವ ಸಾಧ್ಯತೆಯೇ ಹೆಚ್ಚು.

ದಯವಿಟ್ಟು ತಿಕ್ಕಬೇಡಿ

ನಮ್ಮ ಕಡೆ ಇದನ್ನು ಒತ್ತಿ ಹೇಳಬೇಕು. ತಾಮ್ರ ಕಂಡರೆ ನಮ್ಮ ಕೈ ತಾನಾಗಿ ಹುಣಸೆಹಣ್ಣಿಗೆ ಹೋಗುತ್ತದೆ. ಪೂಜೆ ಚೊಂಬು ಬೆಳಗಿದ ಹಾಗೆ ಪೆನ್ನಿಯನ್ನೂ ಬೆಳಗಿದರೆ ಹತ್ತು ನಿಮಿಷದಲ್ಲಿ ಹೊಳೆಯುತ್ತದೆ, ನಿಜ. ಹುಳಿ ಲೋಹದ ಮೇಲ್ಪದರವನ್ನೇ ತಿಂದುಹಾಕಿರುತ್ತದೆ. ಮೇಲೆ ಹೇಳಿದ ಆ ಸೂಕ್ಷ್ಮ ಗೆರೆಗಳು ಇರುವುದು ಆ ಪದರದಲ್ಲೇ. ಒಮ್ಮೆ ಹೋದರೆ ಬರುವುದಿಲ್ಲ. ಒಳ್ಳೆಯ ಇಸವಿಯ ನಾಣ್ಯ ಒಂದೇ ಸಂಜೆಯಲ್ಲಿ ಅರ್ಧ ಬೆಲೆಗೂ ಇಳಿದಿರುತ್ತದೆ. ಪೀತಾಂಬರಿ, ನಿಂಬೆಹಣ್ಣು, ಟೂತ್‌ಪೇಸ್ಟ್ ಎಲ್ಲದಕ್ಕೂ ಇದೇ ಮಾತು. ಜಿಡ್ಡು ಇದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆಯಬಹುದು, ಉಜ್ಜದೆ. ಕಿಟಕಿ ತೆರೆದಿರಲಿ, ಒಲೆ ದೂರ ಇರಲಿ. ಕಿಲುಬು ಹಿಡಿದಿದ್ದರೆ ಆಲಿವ್ ಎಣ್ಣೆಯಲ್ಲಿ ವಾರಗಟ್ಟಲೆ ನೆನೆಸಿಡುವವರಿದ್ದಾರೆ. ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ನಾಣ್ಯ ಉಳಿಯುತ್ತದೆ.

ಹಾಳು ಮಾಡಿದ ನಾಣ್ಯಕ್ಕೆ ಬೆಲೆ ಇಲ್ಲ ಅನ್ನುವುದಕ್ಕೂ ಒಂದು ಅಪವಾದ ಇದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ 1903ರ ಒಂದು ಪೆನ್ನಿ ಇದೆ. ಏಳನೇ ಎಡ್ವರ್ಡನ ಮುಖದ ಮೇಲೆ ‘ಹೆಂಗಸರಿಗೆ ಮತದಾನದ ಹಕ್ಕು ಕೊಡಿ’ ಎಂಬ ಘೋಷಣೆಯನ್ನು ಒಂದೊಂದೇ ಅಕ್ಷರ ಸುತ್ತಿಗೆಯಿಂದ ಹೊಡೆದು ಕೂರಿಸಿದ್ದಾರೆ. ಮತದಾನದ ಹೋರಾಟಗಾರರ ಕೆಲಸ ಅದು. ಪೆನ್ನಿಯಂಥ ಸಣ್ಣ ನಾಣ್ಯವನ್ನು ಬ್ಯಾಂಕು ಹಿಂದಕ್ಕೆ ತೆಗೆದುಕೊಳ್ಳುವ ಗೋಜಿಗೆ ಹೋಗುವುದಿಲ್ಲ, ಘೋಷಣೆ ಊರೆಲ್ಲ ಸುತ್ತುತ್ತದೆ ಅನ್ನುವುದು ಅದರ ಹಿಂದಿನ ಜಾಣತನ. ಇಂಥದ್ದನ್ನು ದರ್ಜೆ ಹಾಕಿ ಅಳೆಯಲು ಆಗುವುದಿಲ್ಲ.

ಕೊಳ್ಳುವಾಗ, ಇಡುವಾಗ

ಲಂಡನ್ನಿನಲ್ಲಿರುವ ನೆಂಟರಿದ್ದರೆ ಅಲ್ಲಿನ ಅಂಗಡಿಗಳಲ್ಲಿ ಬಿಡಿ ಪೆನ್ನಿಗಳನ್ನು ತೂಕದ ಮೇಲೆ ಕೊಳ್ಳಬಹುದು. ಕಲಿಯಲು ಅದು ಚೆನ್ನ. ಇಲ್ಲಿ ನಾಣ್ಯ ಮೇಳಗಳಲ್ಲೂ ಸಿಗುತ್ತವೆ, ಆದರೆ ನಮ್ಮ ವ್ಯಾಪಾರಿಗಳಿಗೆ ಕಂಪನಿ ಕಾಲದ ನಾಣ್ಯ ಗೊತ್ತಿರುವಷ್ಟು ಪೆನ್ನಿಯ ಅಚ್ಚುಭೇದ ಗೊತ್ತಿರುವುದಿಲ್ಲ. ಅದು ನಿಮಗೆ ಅನುಕೂಲವೇ. ಎಲ್ಲ ವಿಕ್ಟೋರಿಯಾಗಳನ್ನೂ ಒಂದೇ ದರದ ಡಬ್ಬಿಗೆ ಹಾಕಿಟ್ಟಿದ್ದರೆ ಇಸವಿಯ ಕೆಳಗೆ, ತ್ರಿಶೂಲದ ಪಕ್ಕ ಒಂದು ಸಲ ಕಣ್ಣಾಡಿಸಿ.

ಮಾರುವ ವಿಷಯದಲ್ಲಿ ಮಾತ್ರ ಹುಷಾರು. ‘ನಿಮ್ಮ ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತೀವಿ, ಮೊದಲು ಶುಲ್ಕ ಕಟ್ಟಿ’ ಎನ್ನುವ ಜಾಹೀರಾತುಗಳು ಮೊಬೈಲ್‌ನಲ್ಲಿ ಬರುತ್ತಲೇ ಇರುತ್ತವೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸಿಕೊಳ್ಳುತ್ತಾರೆ. ಹಳೇ ನೋಟು ನಾಣ್ಯಗಳ ವ್ಯವಹಾರದಲ್ಲಿ ತಾನು ಇಲ್ಲವೇ ಇಲ್ಲ, ಶುಲ್ಕ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಸ್ಪಷ್ಟವಾಗಿ ಹೇಳಿದೆ. ನಿಜವಾದ ಬೆಲೆ ತಿಳಿಯಬೇಕಾದರೆ ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ. ಹರಾಜಿನಲ್ಲಿ ಅದೇ ಇಸವಿ, ಅದೇ ಅಚ್ಚು, ಅದೇ ದರ್ಜೆಯ ನಾಣ್ಯ ಕೊನೆಗೆ ಎಷ್ಟಕ್ಕೆ ಹೋಯಿತು ಅನ್ನುವುದನ್ನು ನೋಡಿ. ಈ ಮೂರರಲ್ಲಿ ಒಂದು ತಪ್ಪಿದರೂ ಹೋಲಿಕೆ ಸುಳ್ಳು.

ಇಡುವುದಕ್ಕೆ ರಟ್ಟಿನ ಚೌಕ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ ಸಾಕು. ಮೆತ್ತಗಿನ, ವಾಸನೆ ಬರುವ ಪಿವಿಸಿ ಆಲ್ಬಮ್ ಬೇಡ. ಅದು ಕಾಲಕ್ರಮೇಣ ಬೆವರಿ ತಾಮ್ರಕ್ಕೆ ಹಸಿರು ಜಿಗುಟು ಹಿಡಿಸುತ್ತದೆ. ಮಂಗಳೂರು, ಕಾರವಾರ, ಮಲೆನಾಡಿನ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಒಂದು ಕೆಲಸ ಇದೆ: ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಬೇಕು, ನೀರು ಹೀರಿ ಬಣ್ಣ ಬದಲಾದಾಗ ಪೊಟ್ಟಣ ಬದಲಿಸಬೇಕು. ಕೆಂಪು ಉಳಿದಿರುವ ಪೆನ್ನಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಬೆವರಿನ ಗುರುತು ಆಮೇಲೆ ಕಂದು ಕಲೆಯಾಗಿ ಕೂತುಬಿಡುತ್ತದೆ.